ಅಜ್ಜಿಯಷ್ಟು ಹಸಿರು

ಬೆಳಿಗ್ಗೆ ಬ್ರೆಡ್ಡಿಗೆಂದು ರೈ ಧಾನ್ಯದ ಹಿಟ್ಟು ನಾದುತ್ತಿದ್ದಾಗ ಗುಂಟಿಸ್ ಅಣ್ಣ ಬಾಗಿಲಿಗೆ ಬಂದರು. ಊರಿನ ಹಿಂದಿನ ಜಮೀನ್ದಾರ ಬ್ಯಾರನ್ನನ ಹಳೆಯ ಬಂಗಲೆಯ ಗೋಡೆಗಳನ್ನು ಮೊದಲಿನಂತೆ ಮಾಡುತ್ತಿರುವವರು ಅವರೇ. ನೂರು ವರ್ಷದಿಂದ ಆ ಬಂಗಲೆ ನಮ್ಮ ಶಾಲೆ.

"ಹಿಟ್ಟೇನೂ ಓಡಿಹೋಗಲ್ಲ, ಬಾ ತಂಗಿ. ನಿಮ್ಮಮ್ಮ ಸಿಕ್ಕಿದಾರೆ," ಅಂದರು.

ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಕೈ ಒರೆಸಿಕೊಂಡು, ಎಂಟು ವರ್ಷದ ಮಗಳು ಮಡಾರಾಳನ್ನೂ ಕರೆದುಕೊಂಡು ಹೋದೆ.

ಒಂದನೇ ತರಗತಿಯ ಕೋಣೆಯಲ್ಲಿ ಅವರು ಗೋಡೆಯ ಬಣ್ಣವನ್ನು ಒಂದೊಂದು ಪದರ ಕಾಣುವಂತೆ ಮೆಟ್ಟಿಲು ಮೆಟ್ಟಿಲಾಗಿ ಕೆರೆದಿದ್ದರು. ಮೇಲೆ ನಾನು ಓದಿದ ಕಾಲದ ಹಳದಿ, ಅದರಡಿ ಹಸಿರು, ತಳದಲ್ಲಿ ಬ್ಯಾರನ್ನನ ಕಾಲದ ನೀಲಿ ಹೂಬಳ್ಳಿಯ ಚಿತ್ತಾರ. ಪ್ರತಿ ಸೆಪ್ಟೆಂಬರ್ ಒಂದರಂದು ಹೊಸ ಮಕ್ಕಳನ್ನು ಆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕುವುದು ನಮ್ಮ ಶಾಲೆಯ ರೂಢಿ. ಹಸಿರಿನ ಮೇಲೊಂದು ಪೆನ್ಸಿಲ್ ಗೆರೆಯಿತ್ತು. ಪಕ್ಕದಲ್ಲಿ ಅಮ್ಮನ ಹೆಸರು, ಸ್ಕೈದ್ರೀತೆ.

"ಇಷ್ಟು ಕುಳ್ಳಿ ಇದ್ರಾ ಇವರು? ಸೇಬು ಕದ್ದಾಗ ನನ್ನನ್ನ ಕೆರೆತನಕ ಓಡಿಸಿದ್ದು ಇವರೇನಾ?" ಎಂದು ಗುಂಟಿಸ್ ಅಣ್ಣ ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಸೋಮವಾರ ಇದನ್ನೂ ಕೆರೀಬೇಕು. ಕೆಲಸ ಕೊಟ್ಟವರಿಗೆ ನೀಲಿ ಪೂರ್ತಿ ಕಾಣಬೇಕಂತೆ."

ನೀಲಿ ಚೆಂದವಾಗಿಯೇ ಇತ್ತು.

ಮಡಾರಾ ಹೋಗಿ ಗೆರೆಗೆ ಬೆನ್ನು ಕೊಟ್ಟು ನಿಂತಳು. ಅವಳ ತಲೆ ಅಜ್ಜಿಯನ್ನು ಎರಡು ಬೆರಳು ದಾಟಿತ್ತು. ದೊಡ್ಡವರ ಮುಂದೆ ಬಾಯಿ ಬಿಡದ ಹುಡುಗಿ, ಆ ಮಾತು ಕೇಳಿದಾಗಿನಿಂದ ಏನೋ ಹೇಳಹೋಗಿ ನುಂಗಿಕೊಳ್ಳುತ್ತಲೇ ಇದ್ದಳು. ಕೊನೆಗೂ ಗಟ್ಟಿಯಾಗಿ ಕೇಳಿದಳು:

"ಮಾಮಾ, ಹೂಬಳ್ಳಿ ನಡುವೆ ಅಜ್ಜಿಯಷ್ಟು ಹಸಿರು ಉಳಿಸಿದ್ರೆ ಬ್ಯಾರನ್ ಬೈತಾನಾ?"