ದಡದ ಬಿಳಿ ಬಟ್ಟೆ

ಎದುರು ಮಾಳಿಗೆಯಲ್ಲಿ ಯಾರೋ ದುಪ್ಪಟಿ ಒಣಹಾಕಿದ್ದಾರೆ, ಬಿಳಿಯದು, ಲಾ ಪಾಸ್ ನಗರದ ಈ ಥಂಡಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದೆ, ನೋಡಬಾರದು, ಕಾಗದ ನೋಡಬೇಕು, ಹನ್ನೊಂದಕ್ಕೆ ಮಂತ್ರಿಗಳಿಗೆ ತಲುಪಬೇಕು, ಇಡೀ ದೇಶದ ಆರೋಗ್ಯ ಯೋಜನೆ, ನೂರಾ ಹನ್ನೆರಡನೇ ಪುಟ, ಎರಡು ನದಿ, ಒಂದು ದೋಣಿ — ನರ್ಸು, ಔಷಧಿ, ಲಸಿಕೆ ಪೆಟ್ಟಿಗೆ ಎಲ್ಲ ಹೊತ್ತ ಒಂದೇ ದೋಣಿ — ಯಾವ ನದಿಗೆ ಅಂತ ಬರೆದವಳು ನಾನೇ, ಹೆರಿಗೆ ಎಲ್ಲಿ ಹೆಚ್ಚೋ ಅಲ್ಲಿಗೆ, ಈ ವರ್ಷ ಮೇಲಿನ ನದಿಯಲ್ಲಿ ನಲವತ್ತೊಂದು, ನಮ್ಮೂರಿನ ನದಿಯಲ್ಲಿ ಹತ್ತೊಂಬತ್ತು, ಲೆಕ್ಕ ಸರಿಯಾಗಿದೆ, ಅದೇ ನನ್ನ ಹೆದರಿಕೆ, ತಪ್ಪಿದ್ದರೆ ತಿದ್ದಬಹುದಿತ್ತು, ಪಕ್ಕದ ಮೇಜಿನ ದೋನ್ ಎಲಾದಿಯೊ ಕೋಕಾ ಎಲೆಯ ಚಹಾ ಹೀರುತ್ತ, ಏನು ದೆಲ್ಮಿರಾ, ಪೆನ್ನು ಮುಷ್ಕರ ಹೂಡಿದೆಯಾ, ಸಹಿ ಹಾಕಮ್ಮ, ನಿನಗೇನು ಇನ್ನೊಂದು ದೋಣಿ ಹೆರೋಕಾಗತ್ತಾ, ನಗುತ್ತಾರೆ, ಅವರಿಗೇನು ಗೊತ್ತು, ಆ ಹತ್ತೊಂಬತ್ತರಲ್ಲಿ ಒಬ್ಬಳು ನೊಯೆಮಿ ಅಂತ, ನನ್ನ ತಂಗಿ. ಭಾನುವಾರ ಗುಡ್ಡ ಹತ್ತಿ ಫೋನು ಮಾಡಿದ್ದಳು, ಅಕ್ಕಾ, ಈ ಸಲ ದೋಣಿ ಬರತ್ತಲ್ಲಾ, ಗಳ ಕಡಿದಿಟ್ಟಿದೀವಿ ಕಣೇ, ಬಟ್ಟೇನೂ ಹೊಸದು, ದೂರದಿಂದ್ಲೇ ಕಾಣತ್ತೆ, ಕಾಣಲ್ಲ ಅಂದ್ರೆ ನಿಮ್ಮ ದೋಣಿಯವನಿಗೊಂದು ಕನ್ನಡಕ ಕೊಡ್ಸು, ನಾನು ಹೂಂ ಅಂದೆ, ಹೂಂ ಅಂದುಬಿಟ್ಟೆ.

ಹೆರಿಗೆ ನೋವು ಬಂದರೆ ದಡದಲ್ಲಿ ಗಳ ನೆಟ್ಟು ಬಿಳಿ ಬಟ್ಟೆ ಕಟ್ಟಬೇಕು, ದೋಣಿ ನಿಲ್ಲುತ್ತದೆ, ನಿಲ್ಲುತ್ತದೆ ಎಂದೇ ಅಪ್ಪ ಕಟ್ಟಿದ್ದ, ನೊಯೆಮಿ ಹುಟ್ಟುವಾಗ, ನನಗೆ ಒಂಬತ್ತು ವರ್ಷ, ಎರಡು ಹಗಲು ಗಳದ ಬುಡದಲ್ಲೇ ಕೂತಿದ್ದೆ, ಬಾಳೆಕಾಯಿ ಸುಟ್ಟು ಕೊಟ್ಟರೂ ತಿನ್ನದೆ, ಅಮ್ಮನ ಕೂಗು ನಿಲ್ಲಲಿ ನಿಲ್ಲಲಿ ಅಂತ, ನಿಂತಿತು, ಮಗು ಅತ್ತಿತು, ಅಪ್ಪ ಬಂದು ಬಟ್ಟೆ ಬಿಚ್ಚಿಕೊಂಡು ಒಳಗೆ ಹೋದ, ಅದನ್ನೇ ಅಮ್ಮನ ಮುಖಕ್ಕೆ ಹೊದಿಸಿದ, ದೋಣಿ ಮೇಲಿನ ನದಿಯಲ್ಲಿತ್ತಂತೆ. ತಡಿ, ನೊಯೆಮಿಯನ್ನ ಇಲ್ಲಿಗೇ ಕರೆಸಿಕೊಂಡರೆ, ಇನ್ನೂ ಎರಡು ತಿಂಗಳಿದೆ, ಬಂದುಬಿಡು, ನನ್ನ ಹತ್ತಿರವೇ ಹೆರು, ಅಷ್ಟೇ ತಾನೆ, ಎಷ್ಟು ಸುಲಭ, ಎದೆ ಹಗುರಾಗಿ ಸಹಿ ಹಾಕುತ್ತೇನೆ, ದೆಲ್ಮಿರಾ ಎನ್ನುವವರೆಗೆ ಬಂದು ಪೆನ್ನು ನಿಂತಿತು, ಉಳಿದ ಹದಿನೆಂಟು ಜನಕ್ಕೆ ಲಾ ಪಾಸ್‌ನಲ್ಲಿ ಯಾವ ಅಕ್ಕ ಇದ್ದಾಳೆ, ನೊಯೆಮಿ ಹೊರಡುವಾಗ ಆ ಹೊಸ ಬಟ್ಟೆಯನ್ನು ಪಕ್ಕದ ಮನೆಯ ಬಸುರಿಗೆ ಕೊಟ್ಟು ಬರುತ್ತಾಳೆ, ಅವಳ ಸ್ವಭಾವವೇ ಅದು, ಇಟ್ಕೊಳ್ಳೇ, ದೋಣಿ ಬರತ್ತೆ, ನಮ್ಮಕ್ಕ ಹೂಂ ಅಂದಿದಾಳೆ — ದಡ, ಗಳ, ಅದರ ಬುಡದಲ್ಲಿ ಯಾರದೋ ಒಂಬತ್ತು ವರ್ಷದ ಹುಡುಗಿ, ಮೇಲೆ ಬಟ್ಟೆ, ಬಿಳಿ ಬಟ್ಟೆ