ಚೆನ್ನಾಗಿದ್ದಾಳೆ

ಡಾಕ್ಟರಮ್ಮನ ಕೋಣೆಯಲ್ಲಿ ಕುರ್ಚಿಗಳು ಎರಡು. ಮೇಜಿಗೆ ಹತ್ತಿರದ್ದು ಅಕ್ಕನದು, ಬಾಗಿಲ ಪಕ್ಕದ್ದು ಅವಳ ತಂಗಿ ಚಿಕ್ಕಿಯದು. ಹೊಸಬರು ಯಾರಾದರೂ ನೋಡಿದರೆ ಕಾಯಿಲೆ ಅಕ್ಕನಿಗೇ ಅಂದುಕೊಳ್ಳಬೇಕು, ಹಾಗೆ ಮುಂದಕ್ಕೆ ಬಾಗಿ ಕೂತಿರುತ್ತಿದ್ದಳು. ಅಕ್ಕ ಶಾಲೆಯಲ್ಲಿ ಲೆಕ್ಕದ ಟೀಚರು. ಅಲ್ಲಿ ಹಾಜರಿ ಹಿಡಿಯುವಾಗ ಹೆಸರು ಕೂಗುವುದಷ್ಟೇ ಅವಳ ಕೆಲಸ, ಉತ್ತರ ಮಕ್ಕಳದು. ಇಲ್ಲಿ ಮಾತ್ರ ತಂಗಿಯ ಪರವಾಗಿ ಉತ್ತರವನ್ನೂ ಅವಳೇ ಕೊಟ್ಟುಬಿಡುತ್ತಿದ್ದಳು.

"ನಿದ್ದೆ ಹೇಗಿದೆ?" ಎಂದು ಡಾಕ್ಟರಮ್ಮ ಕೇಳುತ್ತಿದ್ದರು.

"ಚೆನ್ನಾಗಿ ಮಾಡ್ತಾಳೆ."

"ಊಟ?"

"ಹಾಕಿದ್ದು ತಿಂತಾಳೆ ಡಾಕ್ಟ್ರೇ, ಒಂದು ಮಾತಿಲ್ಲ."

"ಒಟ್ಟಿನಲ್ಲಿ?"

"ಚೆನ್ನಾಗಿದ್ದಾಳೆ."

ಸರಿ, ಅದೇ ಮಾತ್ರೆ ಮುಂದುವರಿಯುತ್ತಿತ್ತು. ವರ್ಷಗಳಿಂದ ಇದೇ ಪಾಠ, ಇದೇ ಒಪ್ಪಿಸುವಿಕೆ.

ಹಾಗಂತ ಅಕ್ಕನನ್ನು ದೂರಬೇಡಿ. ಚಿಕ್ಕಿಗೆ ಮೊದಲ ಸಲ ತಲೆ ಕೆಟ್ಟಾಗ ಕಣ್ಣಿಗೆ ನಿದ್ದೆ ಹತ್ತದೆ, ಗೋಡೆಯಾಚೆ ಯಾರೋ ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದು ಪುಟ್ಟ ಮಗಳನ್ನು ಎತ್ತಿಕೊಂಡು ಬೀದಿಗೆ ಓಡಿದ್ದಳು. ಗಂಡ ಅನ್ನಿಸಿಕೊಂಡವನು ಆ ಗಲಾಟೆಯಲ್ಲೇ ಕಾಲುಕಿತ್ತ. ಆಸ್ಪತ್ರೆಯಲ್ಲಿ ಚಿಕ್ಕಿ ಮಾತಾಡಿದ್ದೇ ಮಾತಾಡಿದ್ದು, ಅವರು ಸೇರಿಸಿಕೊಂಡರು. ವಾರ್ಡಿನಿಂದ ಮನೆಗೆ ಬರಲು ತಿಂಗಳುಗಳೇ ಹಿಡಿದವು. ಕರೆದುಕೊಂಡು ಬರುವ ದಿನ ಗೇಟಿನ ಹತ್ತಿರ ಅಕ್ಕ ಅವಳ ಕೈ ಹಿಡಿದು ಹೇಳಿದ್ದಳು: "ಇನ್ಮೇಲೆ ಇಲ್ಲಿ ನೀನು ಬಾಯಿ ಬಿಡಬೇಡ ಕಣೆ. ಬಿಟ್ರೆ ಮತ್ತೆ ಸೇರಿಸ್ಕೋತಾರೆ. ನಾನೇ ಮಾತಾಡ್ತೀನಿ." ಚಿಕ್ಕಿ ತಲೆಯಾಡಿಸಿದ್ದಳು. ಅಕ್ಕತಂಗಿಯರಿಬ್ಬರೂ ಅದನ್ನು ವೇದವಾಕ್ಯ ಅಂತಲೇ ನಂಬಿದರು.

ಅಕ್ಕನ ಮಕ್ಕಳು ಚಿಕ್ಕಮ್ಮನನ್ನು ಚಿಕ್ಕಿ ಚಿಕ್ಕಿ ಎಂದು ಕರೆಯುವುದನ್ನು ಕೇಳಿ, ಈಗ ಅವಳು ಕೆಲಸ ಮಾಡುವ ಲಾಂಡ್ರಿಯ ಯಜಮಾನನೂ ಹಾಗೇ ಕರೆಯುತ್ತಿದ್ದ. ಅಲ್ಲಿ ಅವಳದು ಇಸ್ತ್ರಿ ಕೆಲಸ. ಕಾಲರು, ತೋಳು, ಬೆನ್ನು, ಮಡಿಸು, ಮುಂದಿನದು. ಗಿರಾಕಿ ಬೈದರೂ ಅಷ್ಟೇ, ಹೊಗಳಿದರೂ ಅಷ್ಟೇ. "ಕೋಪ ತಾಪ ಏನೂ ಇಲ್ಲ, ಬಂಗಾರದಂಥ ಹೆಂಗಸು" ಎಂದು ಯಜಮಾನ ಬಂದವರಿಗೆಲ್ಲ ಹೇಳುತ್ತಿದ್ದ. ಬಂಗಾರವಂತೆ! ಒಳಗೆ ಹತ್ತಿ ತುರುಕಿದ ಹಾಗಿತ್ತು ಅವಳಿಗೆ, ಯಾವುದೂ ತಾಗುತ್ತಿರಲಿಲ್ಲ. ಅದು ಸಂಕಟವೂ ಅಲ್ಲ. ಸಂಕಟವಾಗಿದ್ದರೆ ಯಾರಿಗಾದರೂ ಹೇಳಬಹುದಿತ್ತು.

ಈಚೆಗೆ ಒಂದು ಸಂಜೆ ಮಗಳು ಲಾಂಡ್ರಿಯ ಮೆಟ್ಟಿಲಿಂದ ಜಾರಿ ಬಿದ್ದಳು. ಮುಂದಿನ ಹಲ್ಲು ಮುರಿದು ಬಾಯಿ ತುಂಬ ರಕ್ತ. ಚಿಕ್ಕಿ ನೋಡಿದಳು. ಕೈಯಲ್ಲಿದ್ದ ಅಂಗಿಯ ತೋಳು ಮುಗಿಸಿ, ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಆಮೇಲೆ ಹತ್ತಿರ ಹೋದಳು. ನೀರು ತಂದಳು, ಮಗಳ ಬಾಯಿ ತೊಳೆಸಿದಳು, ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು. ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದಳು. ಮಗಳು ಮಾತ್ರ ಅಳುವುದನ್ನು ನಿಲ್ಲಿಸಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಅದಾದ ಮೇಲೆ ಮಗಳು ಶಾಲೆಯ ಸುದ್ದಿಯನ್ನೆಲ್ಲ ದೊಡ್ಡಮ್ಮನಿಗೆ ಹೇಳತೊಡಗಿದಳು. ಒಂದು ದಿನ ಅಕ್ಕನ ಮಗನ ಜೊತೆ ಕೂತು ಅನ್ನುತ್ತಿದ್ದುದು ಚಿಕ್ಕಿಯ ಕಿವಿಗೆ ಬಿತ್ತು: "ನಮ್ಮಮ್ಮಂಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ."

ಹೆತ್ತವಳಿಗೆ ಕರುಳು ಚುರ್ ಅನ್ನಬೇಕಾದ ಮಾತು. ಚಿಕ್ಕಿ ಬಾಗಿಲಲ್ಲೇ ನಿಂತು ಕಾದಳು. ಚುರ್ ಅನ್ನಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು, ಒಳಗೆ ಹೋಗಿ ಪಾತ್ರೆ ತೊಳೆದಳು. ತೊಳೆಯುತ್ತಾ ಅವಳಿಗೆ ಒಂದು ವಿಷಯ ಖಚಿತವಾಯಿತು: ಹೀಗೇ ಬಿಟ್ಟರೆ ಮಗಳು ಕೈತಪ್ಪಿ ಹೋಗುತ್ತಾಳೆ, ಹೋದದ್ದೂ ತನಗೆ ಗೊತ್ತಾಗುವುದಿಲ್ಲ. ಹೀಗೆ ಮಂಕು ಕವಿಸಿದ ಮಾತ್ರೆಯನ್ನು ಕದ್ದು ಉಗುಳಿದರೆ ಏನಾದೀತು ಎಂಬುದೂ ಅವಳಿಗೆ ತಿಳಿದಿತ್ತು. ಆ ಬೀದಿ, ಆ ವಾರ್ಡು ಮತ್ತೆ ಬೇಡ. ಉಳಿದದ್ದು ಬಾಯಿ ಬಿಡುವುದೊಂದೇ.

ಮುಂದಿನ ಸಲ ಡಾಕ್ಟರಮ್ಮ ಎಂದಿನಂತೆ ಕೇಳಿದರು, ಅಕ್ಕ ಎಂದಿನಂತೆ "ಚೆನ್ನಾಗಿದ್ದಾಳೆ" ಅಂದಳು.

"ಇಲ್ಲ," ಎಂದಳು ಚಿಕ್ಕಿ.

ಅಕ್ಕ ಗಕ್ಕನೆ ತಿರುಗಿದಳು.

"ನಾನು ಚೆನ್ನಾಗಿಲ್ಲ ಡಾಕ್ಟ್ರೇ. ಮಗಳ ಬಾಯಲ್ಲಿ ರಕ್ತ ಸುರೀತಿತ್ತು, ನಾನು ಅಂಗಿ ಇಸ್ತ್ರಿ ಮುಗಿಸ್ತಿದ್ದೆ. ನಮ್ಮಮ್ಮ ಗೋಡೆ ಅಂತ ಮಗಳೇ ಅಂದ್ಲು. ನಂಗೆ ಬೇಜಾರೂ ಆಗ್ಲಿಲ್ಲ."

"ಡಾಕ್ಟ್ರೇ, ಇವಳಿಗೇನೋ ಆಗ್ತಿದೆ," ಎಂದಳು ಅಕ್ಕ. "ಇವಳು ಹೀಗೆಲ್ಲ ಮಾತಾಡೋಳೇ ಅಲ್ಲ."

ಈಗ ಗಂಟೆ ಒತ್ತುತ್ತಾರೆ, ವಾರ್ಡಿನವರು ಬರುತ್ತಾರೆ ಎಂದು ಚಿಕ್ಕಿ ಬಾಗಿಲ ಕಡೆ ನೋಡಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಎಷ್ಟು ದಿನದಿಂದ ಹೀಗೆ?"

"ವಾರ್ಡಿಂದ ಬಂದಾಗ್ನಿಂದ."

"ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೇಳ್ಲಿಲ್ಲವಲ್ಲ ನೀವು."

"ಹೇಳಿದ್ರೆ ಸೇರಿಸ್ಕೋತೀರ ಅಂತ."

"ಯಾರು ಹಾಗಂದಿದ್ದು?"

ಚಿಕ್ಕಿ ಅಕ್ಕನ ಕಡೆ ನೋಡಿದಳು. ಡಾಕ್ಟರಮ್ಮ ಒಮ್ಮೆ ಅಕ್ಕನನ್ನು, ಒಮ್ಮೆ ತಂಗಿಯನ್ನು ನೋಡಿ ನಿಟ್ಟುಸಿರು ಬಿಟ್ಟರು.

"ತಪ್ಪು ನಂದೂ ಇದೆ. ನಿಮ್ಮನ್ನ ಕೇಳ್ಬೇಕಿತ್ತು, ಅವರನ್ನೇ ಕೇಳ್ಕೊಂಡು ಕೂತೆ. ವಾರ್ಡಿಂದ ಹೊರಡೋವಾಗ ಕೊಟ್ಟ ಮಾತ್ರೆ ಪ್ರಮಾಣಾನೇ ಇದು. ಚೆನ್ನಾಗಿದ್ದಾರಲ್ಲ, ಸುಮ್ನೆ ಯಾಕೆ ಕೈಹಾಕೋದು ಅಂತ ಬಿಟ್ಟಿದ್ದೆ. ಈಗ ಹೇಳಿ, ನಿಮಗೇನು ಬೇಕು?"

ಈ ಪ್ರಶ್ನೆಗೆ ಚಿಕ್ಕಿ ತಯಾರಾಗಿ ಬಂದಿರಲಿಲ್ಲ.

"ಮಗಳು ಬಿದ್ರೆ ನಂಗೆ ಗಾಬರಿ ಆಗ್ಬೇಕು."

"ಪ್ರಮಾಣ ನಿಧಾನಕ್ಕೆ ಇಳಿಸಿ ನೋಡಬಹುದು. ಆದ್ರೆ ಒಂದು ಮಾತು. ಗಾಬರಿ ಅನ್ನೋದು ಒಂಟಿಯಾಗಿ ಬರಲ್ಲ, ಹಳೇ ಭಯಾನೂ ಜೊತೆಗೆ ಬರಬಹುದು. ನಿದ್ದೆ ಕೆಟ್ರೆ ತಕ್ಷಣ ನನಗೆ ಹೇಳ್ಬೇಕು. ನೀವೇ ಹೇಳ್ಬೇಕು."

"ಬಂದ್ರೆ ಅನುಭವಿಸೋರು ಯಾರು?" ಅಕ್ಕ ಸಿಡಿದಳು. "ಇವಳು ವಾರ್ಡಲ್ಲಿದ್ದಾಗ ಆ ಮಗೂನ ಎದೆ ಮೇಲೆ ಹಾಕ್ಕೊಂಡು ಕೂತಿದ್ದೋಳು ನಾನು. ಅಮ್ಮ ಎಲ್ಲಿ ಅಂದ್ರೆ ಏನು ಹೇಳ್ಲಿ ಅದಕ್ಕೆ? ನಿಮಗೇನು, ಬರೆದು ಕೊಡ್ತೀರ."

ಡಾಕ್ಟರಮ್ಮ ಚಿಕ್ಕಿಯ ಕಡೆ ತಿರುಗಿದರು.

"ಅಕ್ಕ ಹೇಳೋದು ನಿಜ," ಎಂದಳು ಚಿಕ್ಕಿ. "ಆದ್ರೂ ಇಳಿಸಿ."

ಹೊರಗೆ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತಾಗ ಅಕ್ಕ ಅಳತೊಡಗಿದಳು. ಮನೆಮಂದಿಗೆಲ್ಲ ಧೈರ್ಯ ಹೇಳುವ ಹೆಂಗಸು, ದಾರಿಹೋಕರ ಪರಿವೆಯಿಲ್ಲದೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಇಂಥ ಹೊತ್ತಿನಲ್ಲಿ ಕೈ ಹಿಡಿಯಬೇಕು ಎಂಬುದು ಚಿಕ್ಕಿಗೆ ಗೊತ್ತಿತ್ತು. ಗೊತ್ತಿದ್ದಷ್ಟನ್ನೇ ನಂಬಿ ಹಿಡಿದುಕೊಂಡಳು.

"ನಂಗೆ ಹೆದರಿಕೆ ಆಗ್ತಿದೆ ಕಣೆ," ಎಂದಳು ಅಕ್ಕ. "ನಿಂಗೆ ಆಗ್ತಿಲ್ವಾ?"

ಚಿಕ್ಕಿ ತನ್ನೊಳಗೆ ಹುಡುಕಿ ನೋಡಿದಳು. ಅಕ್ಕನ ಹತ್ತಿರ ಸುಳ್ಳಾಡುವುದು ಬೇಡವೆನಿಸಿತು.

"ಇನ್ನೂ ಇಲ್ಲ ಅಕ್ಕ. ಆಗೋತನಕ ನನ್ನ ಪಾಲಿಂದೂ ಸೇರಿಸಿ ನೀನೇ ಹೆದರ್ಕೊಂಡಿರು. ಹೆದರಿಕೆ ಬಂದ ದಿನ ನನ್ನ ಪಾಲು ನಾನೇ ಇಸ್ಕೋತೀನಿ."