ಲೋರ್ನಾ ಹೇಳದೆ ಇಟ್ಟುಕೊಂಡ ಮಾತು

ನೆಬ್ರಾಸ್ಕದ ಆ ಪುಟ್ಟ ಊರಿನ ಚರಿತ್ರೆ ಬರೆಯುವವರು ಮುಂದೆ ಯಾರಾದರೂ ಹುಟ್ಟಿದರೆ, ನವೆಂಬರಿನ ಎರಡನೇ ಸೋಮವಾರವನ್ನು ಮರೆಯಬಾರದು. ಅಂದು ಸಂಜೆ ನಾಲ್ಕೂವರೆಗೆ ಏಳನೇ ನಂಬರಿನ ಜರ್ಸಿಯೊಂದು ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಚರ್ಚಿನ ಆಟದ ಹಾಲಿಗೆ ಬಂತು.

ಲೋರ್ನಾ ಸೆಡ್ಲಾಸೆಕ್ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತಿದ್ದಳು. ಅವಳ ಹುಡುಗಿಯರು ಜರ್ಸಿಯನ್ನು ಬ್ಯಾಗಿನ ತಳಕ್ಕೆ ತುರುಕಿ ಮುಂದಿನ ವರ್ಷದವರೆಗೂ ನಾರಲು ಬಿಡುವವರು. ಒಗೆದ ಜರ್ಸಿ ಬಂತೆಂದರೆ ಹುಡುಗಿ ಹೊರಟಳೆಂದೇ ಲೆಕ್ಕ.

ಅದನ್ನು ತಂದವಳು ಆ ಏಳನೇ ನಂಬರಿನ ಹುಡುಗಿ ಬ್ರಿನ್‌ಳ ತಾಯಿ ಜೋಲೀನ್. ಇನ್ನೊಂದು ಕೈಯಲ್ಲಿ ಒಂದು ತಟ್ಟೆ ಕೊಲಾಚಿ, ನಡುವೆ ಸಿಹಿ ತುಂಬಿದ ಬನ್ನು. ತಪ್ಪು ಮಾಡಿದವರು ತಿಂಡಿ ಹಿಡಿದು ಬರುವುದು ಆ ಕಡೆಯ ಪದ್ಧತಿ.

“ಗಸಗಸೆದು. ಬಿಸಿ ಇದೆ, ತಿನ್ನು.”

“ಎಲ್ಲಿಗೆ ಹೊರಟ್ಳು?” ಎಂದಳು ಲೋರ್ನಾ.

“ಒಮಾಹಾದ ದೊಡ್ಡ ಕ್ಲಬ್ಬಿಗೆ. ನಿನ್ನೆ ಆಯ್ಕೆ ಮಾಡಿ ಅಲ್ಲೇ ಸಹಿ ಹಾಕಿಸ್ಕೊಂಡ್ರು. ಬೈಬೇಡ ಮಾರಾಯ್ತಿ. ಹುಡುಗಿಗೆ ಹದಿನಾರಾಗ್ತಾ ಬಂತು. ಇಲ್ಲಿ ಅವಳ ಆಟ ನೋಡೋರು ಯಾರು? ಪಾದ್ರಿ, ಇಲ್ಲಾಂದ್ರೆ ಪಾದ್ರಿ ನಾಯಿ. ಅಲ್ಲಿ ಕಾಲೇಜು ಕೋಚ್‌ಗಳು ಕುರ್ಚಿಗೆ ಕಿತ್ತಾಡ್ತಾರಂತೆ.”

“ಸೆಟ್ಟರ್ ಆಗೇ ಆಡಿಸ್ತಾರಾ?”

“ಚೆಂಡು ಎತ್ತಿಕೊಡೋಕೆ ಅವರ ಹತ್ರ ಇಬ್ರಿದ್ದಾರೆ. ಇವಳು ಎರಡನೇ ತಂಡದಲ್ಲಿ ಹಿಂದೆ ನಿಂತು ತಡೀಲಿ ಅಂದ್ರು.”

ಲೋರ್ನಾ ತನ್ನ ಫೋನನ್ನು ಅವಳ ಕೈಗಿಟ್ಟಳು. ಅದರಲ್ಲಿ ಅಯೋವಾದ ಒಂದು ಕಾಲೇಜಿನ ಸಹಾಯಕ ಕೋಚ್ ಬರೆದ ಮೂರು ಇಮೇಲ್‌ಗಳಿದ್ದವು. ಮೂರರಲ್ಲೂ ಒಂದೇ ಪ್ರಶ್ನೆ: ನಿಮ್ಮ ಸೆಟ್ಟರ್ ಬ್ರಿನ್ ಕೂಬಿಕ್ ಯಾವ ಕೋರ್ಟಿನಲ್ಲಿ, ಎಷ್ಟು ಹೊತ್ತಿಗೆ ಆಡುತ್ತಾಳೆ? ಮುಂದಿನ ಜೂನ್ ಹದಿನೈದರವರೆಗೆ ಆ ವಯಸ್ಸಿನವರ ಜೊತೆ ಕಾಲೇಜಿನವರು ಮಾತಾಡುವಂತಿಲ್ಲವೆಂದು ನಿಯಮ. ವೇಳಾಪಟ್ಟಿ ಕೇಳಬಹುದು, ಅಷ್ಟೆ. ಹೆಣ್ಣು ನೋಡಬೇಕೆನ್ನುವವರು ಬೀದಿಯ ಹೆಸರು ಕೇಳಿದ ಹಾಗೆ.

“ಯಾವಾಗಿಂದ ಇದು?”

“ಆಗಸ್ಟ್‌ನಿಂದ.”

“ನನಗೊಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

ಯಾರು ನೋಡಲು ಬರುತ್ತಿದ್ದಾರೆಂದು ಹುಡುಗಿಯರಿಗೂ ಮನೆಯವರಿಗೂ ಹೇಳಕೂಡದು ಎಂಬುದು ಲೋರ್ನಾಳ ವ್ರತ. ಹಿಂದೊಮ್ಮೆ ಹೇಳಿದ್ದಕ್ಕೆ ಒಬ್ಬಳು ಸತತ ಆರು ಸರ್ವ್ ನೆಟ್ಟಿಗೆ ಹೊಡೆದು ಬಚ್ಚಲಲ್ಲಿ ಅಡಗಿ ಕೂತಿದ್ದಳು.

“ಹುಡುಗಿ ಆಟ ಕೆಡುತ್ತೆ ಅಂತ…”

“ಈಗ ಏನೇನು ಕೆಟ್ಟಿತು ನೋಡು,” ಎಂದಳು ಜೋಲೀನ್.

ಸಹಿ ರದ್ದು ಮಾಡಿ ಹುಡುಗಿಯನ್ನು ಬಿಟ್ಟುಕೊಡಿ ಎಂದು ಕೇಳಲು ಇಬ್ಬರೂ ಬೆಂಚಿನ ಮೇಲೆ ಕೂತು ಫೋನ್ ಮಾಡಿದರು. ಒಮಾಹಾದವರು, ಒಬ್ಬಳನ್ನು ಬಿಟ್ಟರೆ ನಾಳೆ ಬಾಗಿಲಲ್ಲಿ ಸಾಲು ನಿಲ್ಲುತ್ತದೆ ಎಂದರು. ಪ್ರಾಂತದ ವಾಲಿಬಾಲ್ ಕಚೇರಿಯ ಹೆಂಗಸು ಬಹಳ ಸಿಹಿಯಾಗಿ, ಸಹಿ ಎಂದರೆ ಇಡೀ ಸೀಸನ್ನಿಗೆ ಸಹಿ, ಕ್ಲಬ್ಬಿನವರೇ ಬಿಟ್ಟುಕೊಟ್ಟರೆ ಮಾತ್ರ ಬಿಡುಗಡೆ ಎಂದಳು. ಮತ್ತೆ ಒಮಾಹಾಕ್ಕೆ ಮಾಡಿದಾಗ ಯಾರೂ ಎತ್ತಲಿಲ್ಲ.

ಕಾರಿನಲ್ಲಿ ಕಾದು ಸಾಕಾಗಿ ಬ್ರಿನ್ ಒಳಗೆ ಬಂದಳು. ಇಬ್ಬರ ಮುಖ ನೋಡಿದಳು, ತಾಯಿಯ ಕೈಯಿಂದ ಲೋರ್ನಾಳ ಫೋನ್ ತೆಗೆದುಕೊಂಡು ಆ ಮೂರನ್ನೂ ನಿಂತೇ ಓದಿದಳು.

“ನಾನು ಕೇಳಿದಾಗೆಲ್ಲ ನೀವು ‘ನೋಡೋಣ’ ಅಂತಿದ್ರಿ ಕೋಚ್,” ಎಂದಳು. “ಯಾರಿಗೂ ನಾನು ಬೇಡ ಅಂತ ತಿಳ್ಕೊಂಡೆ.”

ಲೋರ್ನಾ ಜರ್ಸಿಯನ್ನು ಎತ್ತಿಕೊಂಡಳು. ಏಳು ವರ್ಷ ಆ ಹುಡುಗಿಗೆ ಬೆರಳು ಹೇಗಿಡಬೇಕು, ಮೊಣಕಾಲು ಎಷ್ಟು ಬಗ್ಗಿಸಬೇಕು ಎಂದು ಪುರಸೊತ್ತಿಲ್ಲದೆ ಹೇಳಿದ್ದವಳು ಈಗ ಅದರ ಮಡಿಕೆ ಬಿಚ್ಚಿ ಮತ್ತೆ ಮಡಿಚಿದಳು.

ಆ ರಾತ್ರಿಯೇ ಅವಳು ಅಯೋವಾಕ್ಕೆ ಇದ್ದದ್ದನ್ನು ಇದ್ದಹಾಗೆ ಬರೆದಳು. ಅಲ್ಲಿಯವರು ಧನ್ಯವಾದ ಹೇಳಿದರು. ಜನವರಿಯಲ್ಲಿ ಬಂದು ಒಮಾಹಾದ ಎರಡನೇ ತಂಡದ ಆಟವನ್ನು ಹದಿನೈದು ನಿಮಿಷ ನೋಡಿದರು. ಅಷ್ಟರಲ್ಲಿ ಹಿಂದೆ ನಿಂತು ತಡೆಯುತ್ತಿದ್ದ ಬ್ರಿನ್ ಒಂದು ಚೆಂಡನ್ನೂ ಎತ್ತಿಕೊಡಲಿಲ್ಲ.

ಜೂನ್ ಹದಿನೈದರಂದು ಆ ಕಾಲೇಜು ಬೇರೆ ಇಬ್ಬರು ಸೆಟ್ಟರ್‌ಗಳಿಗೆ ಫೋನ್ ಮಾಡಿತು. ಬ್ರಿನ್‌ಗೆ ಮಾಡಲಿಲ್ಲ.